ಹುಳುಮನೆಯ ಕುರ್ಚಿ

ಜಂಗಮಕೋಟೆಯಲ್ಲಿ ಆವಲಪ್ಪ ಅನ್ನುವವರು ಇಬ್ಬರು ಮೂವರಿದ್ದಾರೆ. ಪಾಯಿಂಟ್ ಆವಲಪ್ಪ ಮಾತ್ರ ಒಬ್ಬನೇ. ಯಾರು ಏನೇ ಮಾತಾಡುತ್ತಿರಲಿ, ಬೆರಳೆತ್ತಿ "ಇಲ್ಲೊಂದು ಪಾಯಿಂಟ್ ಐತೆ" ಅಂತ ಶುರುಮಾಡಿದನೆಂದರೆ ಎದುರಿನವನ ಟೀ ಆರಿ ಕೆನೆ ಕಟ್ಟಬೇಕು, ಕೊನೆಗೆ ಅವನು ಸೋತೆನಪ್ಪಾ ಅಂತ ಎದ್ದು ಹೋಗಬೇಕು. ಮೀಸೆ ನರೆತರೂ ಆವಲಪ್ಪನ ನಾಲಿಗೆಗೆ ಮುಪ್ಪು ಬಂದಿರಲಿಲ್ಲ. ಬುದ್ಧಿವಂತ ಅಂತ ಊರೇ ಹೇಳುತ್ತಿತ್ತು, ಊರು ಹೇಳುವ ಮೊದಲೇ ಅವನಿಗೂ ಗೊತ್ತಿತ್ತು.

ಈ ಪಾಯಿಂಟುಗಳಿಗೆ ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವರು ಪಾಪ, ಗುರುಗಳು. ಗೌರಿಬಿದನೂರು ಕಡೆಯ ಒಬ್ಬ ಸ್ವಾಮಿಗಳು, ದೇವರು ಅಣುವಿನಲ್ಲೂ ಇದ್ದಾನೆ ತೃಣದಲ್ಲೂ ಇದ್ದಾನೆ ಅಂತ ಪ್ರವಚನ ಮಾಡಿ ಕಾರು ಹತ್ತುವಾಗ ಇವನು ಅಡ್ಡ ನಿಂತ. "ಎಲ್ಲಾ ಕಡೆ ಅವ್ನೆ ಅಂದ್ರಲ್ಲ ಬುದ್ಧಿ, ಮತ್ತೆ ಇಷ್ಟು ಪೆಟ್ರೋಲ್ ಸುಟ್ಕೊಂಡು ತಿರುಪ್ತಿಗೆ ಯಾಕೆ ಹೊರಟ್ರಿ?" ಸ್ವಾಮಿಗಳು ಕಾರಿನ ಗಾಜು ಏರಿಸಿಕೊಂಡರು. ಚಿಂತಾಮಣಿಯಲ್ಲಿ ಇನ್ನೊಬ್ಬರು ಮನಸ್ಸನ್ನು ನಿಲ್ಲಿಸಬೇಕು ಅಂದಾಗ, "ನಿಲ್ಲಿಸೋನು ಯಾರು, ಅವ್ನೂ ಮನಸ್ಸೇ ಅಲ್ವಾ? ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗಾಯ್ತು" ಅಂದ. ಅವರಿಗೆ ಕೆಮ್ಮು ಬಂತು. ಆ ಕೆಮ್ಮಿನ ಕತೆಯನ್ನು ಆವಲಪ್ಪ ಟೀ ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ, ಅಂಗಡಿಯ ರಮೇಶ್‌ಬಾಬು ಆ ಜಾಗ ಬಂದಾಗ ತಾನೇ ಕೆಮ್ಮಿ ತೋರಿಸುತ್ತಿದ್ದ.

ಊರಿಗೆಲ್ಲ ನಗು, ಹೆಂಡತಿ ಚಿಕ್ಕವೆಂಕಟಮ್ಮನಿಗೆ ಮಾತ್ರ ಸಂಕಟ. ಆ ಸೀಮೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಗುರುವಿನ ಮುಂದೆ ಜೋಡಿಯಾಗಿ ಕೂತು ಉಪದೇಶ ತೆಗೆದುಕೊಳ್ಳುವುದು ರೂಢಿ. ಒಬ್ಬರು ಬಂದು ಇನ್ನೊಬ್ಬರು ಬರದಿದ್ದರೆ ಆಗದು. ಶನಿವಾರದ ಭಜನೆಯಲ್ಲಿ ಉಪದೇಶವಾದವರು ಮುಂದೆ ಕೂತು ತಾಳ ಹಿಡಿಯುತ್ತಾರೆ, ಆಗದವರು ಹಿಂದೆ ಕೂತು ಕೈ ತಟ್ಟುತ್ತಾರೆ. ಚಿಕ್ಕವೆಂಕಟಮ್ಮ ಅಷ್ಟೂ ವರ್ಷ ಕೈ ತಟ್ಟಿಕೊಂಡೇ ಬಂದಿದ್ದಳು. ಅವಳ ತಂಗಿಗೂ ತಾಳ ಸಿಕ್ಕಿತ್ತು. ಎದುರುಮನೆಯ ರೂಪಳ ಅತ್ತೆಗೂ ಸಿಕ್ಕಿತ್ತು, ಆಕೆಯೋ ಹಾಡು ಏರಿಗೆ ಹೋದರೆ ತಾಳ ನೀರಿಗೆ ಹೋಗುವಂಥವಳು. ತಾಳದ ಅರಿವು ರಕ್ತದಲ್ಲೇ ಇದ್ದ ಚಿಕ್ಕವೆಂಕಟಮ್ಮ ಮಾತ್ರ ಹಿಂದಿನ ಸಾಲಿನಲ್ಲಿ, ಗಂಡನ ಪಾಯಿಂಟುಗಳ ದೆಸೆಯಿಂದ.

ಆ ವರ್ಷ ಆಷಾಢಕ್ಕೆ ಮೊದಲು ಅವಳು ಗಂಡನಿಗೆ ಮುದ್ದೆ ಬಡಿಸಿ, ಸಾರು ಬಡಿಸದೆ ಸೌಟು ಹಿಡಿದು ನಿಂತಳು.

"ಸಾದಲಿ ಹತ್ರ ಆಂಜಿನಮ್ಮನೋರು ಅಂತ ಗುರುಗಳು ಅವ್ರಂತೆ. ಒಂದ್ಸಲ ಹೋಗಿ ಬರಣ."

"ಹೆಂಗಸಾ?"

"ಹೌದು. ಅದಕ್ಕೂ ಒಂದು ಪಾಯಿಂಟ್ ಐತಾ?"

ಸೊಸೆ ಹರಿತಾ ಪಕ್ಕದಲ್ಲೇ ಕೂತಿದ್ದಳು. "ಹೋಗಿ ಬನ್ನಿ ಮಾವ, ಕಾರಲ್ಲಿ ನಾನೇ ಬಿಡ್ತೀನಿ" ಅಂದಳು. ಸಾರು ಇಲ್ಲದ ಮುದ್ದೆಯ ಮುಂದೆ ಯಾವ ಬುದ್ಧಿವಂತನೂ ಹೆಚ್ಚು ಹೊತ್ತು ವಾದ ಮಾಡಲಾರ. ಆವಲಪ್ಪ ಒಪ್ಪಿದ. ಒಳಗೊಳಗೇ ಹೊಸ ಪಾಯಿಂಟೊಂದನ್ನು ಮಸೆಯತೊಡಗಿದ.

ಆಂಜಿನಮ್ಮನವರ ಮಠ ಎಂದರೆ ಶೀಟು ಹೊದಿಸಿದ ಎರಡು ಕೋಣೆ, ಮುಂದೊಂದು ಹುಣಸೆಮರ. ಅವರ ಗುರು ತೀರಿಕೊಳ್ಳುವಾಗ ಗದ್ದಿಗೆಯನ್ನು ಇವರಿಗೆ ಬಿಟ್ಟು ಹೋಗಿದ್ದರು. ಊರಾಚೆಯ ಕಾಲೋನಿಯ ಹೆಂಗಸು ಗುರುವೇ ಅಂತ ಮೊದಮೊದಲು ಮೂಗು ಮುರಿದವರಿದ್ದರು. "ಚಪ್ಪಲಿ ಬಿಡೋ ಜಾಗದಲ್ಲೇ ಜಾತೀನೂ ಬಿಟ್ಟು ಬಾಪ್ಪ" ಅಂತ ಅಮ್ಮೋರು ನಕ್ಕಿದ್ದರಂತೆ. ಹಾಗೆ ಮೂಗು ಮುರಿದವರೇ ಈಗ ಮುಂದಿನ ಸಾಲಿನಲ್ಲಿ ತಾಳ ಹಿಡಿದು ಕೂರುತ್ತಾರೆ.

ಆವಲಪ್ಪ ಹೋದಾಗ ಅಮ್ಮೋರು ಮರದ ಕೆಳಗೆ ಕೂತು ಹೆಂಗಸರ ಜತೆ ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದರು. ಬಿಳಿ ಸೀರೆ, ದಪ್ಪ ಕನ್ನಡಕ, ಬೊಚ್ಚುಬಾಯಿ. ಇವನು ಕೂತವನೇ ಬೆರಳೆತ್ತಿದ.

"ಗುರು ಇಲ್ದೆ ಗತಿ ಇಲ್ಲ ಅಂತೀರಲ್ಲ ಅಮ್ಮ, ಇಲ್ಲೊಂದು ಪಾಯಿಂಟ್ ಐತೆ. ಎಲ್ಲಾರಿಗಿಂತ ಮೊದಲನೇ ಗುರು ಇದ್ನಲ್ಲ, ಅವನಿಗೆ ಗುರು ಯಾರು?"

ಹೆಂಗಸರ ಕೈ ನಿಂತಿತು. ಚಿಕ್ಕವೆಂಕಟಮ್ಮ ಕಣ್ಣು ಮುಚ್ಚಿಕೊಂಡಳು. ಈಗ ಅಮ್ಮೋರಿಗೂ ಕೆಮ್ಮು ಬರುತ್ತದೆ, ನನ್ನ ತಾಳಕ್ಕೆ ಎಳ್ಳುನೀರು ಅಂದುಕೊಂಡಳು.

ಅಮ್ಮೋರು ಬೀಜವೊಂದನ್ನು ಬಟ್ಟಲಿಗೆ ಹಾಕಿ ಮನಸಾರೆ ನಕ್ಕರು. "ಚೆನ್ನಾಗೈತಪ್ಪ. ನಂಗೊತ್ತಿಲ್ಲ. ನಿಂಗೆ ಗೊತ್ತಾದಾಗ ಬಂದು ನಂಗೂ ಹೇಳು."

ಆವಲಪ್ಪನಿಗೆ ಮೆಟ್ಟಿಲು ಇದೆಯೆಂದು ಕಾಲಿಟ್ಟು ನೆಲ ಸಿಕ್ಕಿದಂತಾಯಿತು. ಎಳೆದಾಡಲು ಹಗ್ಗದ ಇನ್ನೊಂದು ತುದಿಯಲ್ಲಿ ಯಾರೂ ಇರಲಿಲ್ಲ.

"ನಾನೂ ಒಂದು ಕೇಳ್ಲಾ?" ಅಂದರು ಅಮ್ಮೋರು. "ನಿನ್ನ ಹೆಂಡ್ತಿಗೆ ಏನು ಅಂದ್ರೆ ಪ್ರಾಣ?"

"ನಾನೇ" ಅಂದ ಆವಲಪ್ಪ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವುದು ಅವನ ಹಳೆಯ ಅಭ್ಯಾಸ.

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಇವನು ಹೆಂಡತಿಯ ಕಡೆ ನೋಡಿದ. ಅವಳ ಸೆರಗೂ ಬಾಯಿಯ ಮೇಲೇ ಇತ್ತು, ಭುಜ ಕುಲುಕುತ್ತಿತ್ತು.

ಆಮೇಲೆ ಅಮ್ಮೋರು ತಮ್ಮ ಮಠದ ಕಟ್ಟಳೆ ಹೇಳಿದರು. ಉಪದೇಶಕ್ಕೆ ಕೂರುವವರು ತಮಗೆ ಪ್ರಿಯವಾದ ಒಂದನ್ನು ಗುರುವಿನ ಪಾದಕ್ಕೆ ಬಿಡಬೇಕು. ಆದರೆ ತಾವೇ ಆರಿಸಿಕೊಳ್ಳುವ ಹಾಗಿಲ್ಲ. "ತಾವೇ ಆರಿಸ್ಕೊಂಡ್ರೆ ಎಲ್ಲಾರೂ ಹಾಗಲಕಾಯಿ ಬಿಡ್ತಾರೆ." ಗಂಡ ಏನು ಬಿಡಬೇಕೆಂದು ಹೆಂಡತಿ ಹೇಳಬೇಕು, ಹೆಂಡತಿ ಏನು ಬಿಡಬೇಕೆಂದು ಗಂಡ. ಪ್ರಿಯವಲ್ಲದ್ದನ್ನು ಹೇಳಿದರೆ ಉಪದೇಶವಿಲ್ಲ, ಇನ್ನೊಂದು ವರ್ಷ ಕಾಯಬೇಕು.

"ಗುರುಪೂರ್ಣಿಮೆಗೆ ಬನ್ನಿ. ಅಲ್ಲಿವರ್ಗೂ ಒಬ್ಬರನ್ನೊಬ್ಬರು ಕೇಳ್ಬಾರ್ದು. ಚೂಡು ನಾಯ್ನಾ, ಬರೀ ನೋಡ್ಕೋ."

ಕಾರಿನಲ್ಲಿ ಬರುವಾಗ ಆವಲಪ್ಪ ಬೆರಳು ಮಡಿಸುತ್ತ ಬಿಚ್ಚುತ್ತ ಕೂತ. ಇಷ್ಟು ಸುಲಭದ ಪ್ರಶ್ನೆಗೆ ಉತ್ತರ ಹೊಳೆಯುತ್ತಿಲ್ಲವಲ್ಲ ಅಂತ ಅವನಿಗೆ ಒಳಗೇ ಅವಮಾನ. ಸೊಸೆ ಕನ್ನಡಿಯಲ್ಲಿ ನೋಡಿ ನೋಡಿ ನಗುತ್ತಿದ್ದಳು.

ಮಾರನೆಯ ದಿನದಿಂದ ಹೆಂಡತಿಯನ್ನು ನೋಡುವ ಕೆಲಸ ಶುರುವಾಯಿತು. ಮದುವೆಯಾದಾಗಿನಿಂದ ಕಣ್ಣೆದುರೇ ಇದ್ದವಳು, ಆದರೂ ಅವಳನ್ನು ನೋಡುವುದು ಹೊಸ ಊರಿನಲ್ಲಿ ದಾರಿ ಹುಡುಕಿದಂತಿತ್ತು. ಕಾಫಿ ಇರಬಹುದೆಂದು ಲೆಕ್ಕ ಹಾಕಿದ. ಅವಳ ಲೋಟ ದಿನವೂ ಒಲೆಯ ಪಕ್ಕದಲ್ಲಿ ಆರಿಹೋಗುತ್ತಿತ್ತು, ನೆನಪಾದಾಗ ಗಟಗಟ ಕುಡಿದಿಡುತ್ತಿದ್ದಳು. ಟೀವಿ ಧಾರಾವಾಹಿ? ಅದರ ಮುಂದೆ ಕೂತ ಕೂಡಲೇ ತೂಕಡಿಸುತ್ತಿದ್ದಳು. ಒಡವೆ? ಪೆಟ್ಟಿಗೆ ತೆಗೆದದ್ದೇ ಕಾಣಲಿಲ್ಲ. ಒಂದು ದಿನ ಶಿಡ್ಲಘಟ್ಟದಿಂದ ಮೈಸೂರುಪಾಕು ತಂದು ಅವಳ ಮುಂದಿಟ್ಟು ಮುಖವನ್ನೇ ದಿಟ್ಟಿಸಿದ. ಅವಳು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಎದುರುಮನೆಗೆ ಕಳಿಸಿದಳು.

"ಯಾಕ್ರೀ ಹಂಗೆ ನೋಡ್ತೀರಾ? ಮೈಗೆ ಹುಷಾರಿಲ್ವಾ?"

"ಏನಿಲ್ಲ ಕಣೇ. ಸುಮ್ನೆ."

ಟೀ ಅಂಗಡಿಯಲ್ಲಿ ರಮೇಶ್‌ಬಾಬು ವಿಷಯ ಕೇಳಿ ಲೋಟ ಕೆಳಗಿಟ್ಟು ನಕ್ಕ. "ಏಮಪ್ಪಾ ಪಾಯಿಂಟು, ಪರಬ್ರಹ್ಮ ಗೊತ್ತು, ಪಕ್ಕದಲ್ಲಿ ಮಲಗೋಳು ಗೊತ್ತಿಲ್ವಾ?" ಆವಲಪ್ಪ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದ.

ಇಷ್ಟರಲ್ಲಿ ಮನೆಯ ಹಿಂದಿನ ಹುಳುಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡಲು ಮೇವು ಬಿಟ್ಟು ಸುಮ್ಮನಾಗುವುದಕ್ಕೆ ಆ ಕಡೆಯವರು ಜ್ವರ ಅನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳುವಿನ ಹಸಿವು ರಾಕ್ಷಸರ ಹಸಿವು. ಹಗಲೂ ರಾತ್ರಿಯೂ ಹಿಪ್ಪುನೇರಳೆ ಸೊಪ್ಪು ಸುರಿಯುತ್ತಲೇ ಇರಬೇಕು. ತೋಟದಿಂದ ಸೊಪ್ಪು ಕೊಯ್ದು ಬಾಗಿಲವರೆಗೆ ತಂದು ಹಾಕುವುದು ಆವಲಪ್ಪನ ಪಾಲು. ಒಳಗಿನದೆಲ್ಲ ಅತ್ತೆ ಸೊಸೆಯದು. ಅವನಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಹುಳುವಿಗೆ ಬೀಡಿಯ ವಾಸನೆ ಆಗದು, ಆವಲಪ್ಪನ ಮೈಯಲ್ಲಿ ಬೀಡಿಯದಲ್ಲದೆ ಬೇರೆ ವಾಸನೆ ಇಲ್ಲ. ಹರಿತಾ ಬಂದ ಹೊಸದರಲ್ಲೇ ಹೊಸ್ತಿಲ ಬಳಿ ಗೆರೆ ಎಳೆದು, "ಮಾವ, ಇದರಿಂದ ಆಚೆ ನೀವು" ಅಂದಿದ್ದಳು.

ಒಂದು ಸಂಜೆ ಸೊಪ್ಪಿನ ಹೊರೆ ಇಳಿಸಿ ಅವನು ಹಿಂಬದಿಯ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದ. ಹರಿತಾ ಕೆಲಸ ಮುಗಿಸಿ ಮನೆಗೆ ಹೋಗಿ ಆಗಲೇ ತುಂಬ ಹೊತ್ತಾಗಿತ್ತು. ಚಿಕ್ಕವೆಂಕಟಮ್ಮ ಮಾತ್ರ ಹೊರಗೆ ಬಂದಿರಲಿಲ್ಲ. ಒಳಗೆ ಏನಾಯಿತೋ ಎಂದು ಸೊಳ್ಳೆಪರದೆ ಬಡಿದ ಕಿಟಕಿಯಲ್ಲಿ ಇಣುಕಿದ.

ಅವಳು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಸುತ್ತ ತಟ್ಟೆ ತಟ್ಟೆಯಲ್ಲೂ ಹುಳುಗಳು ಸೊಪ್ಪು ತಿನ್ನುತ್ತಿದ್ದವು. ಸಾವಿರಾರು ಬಾಯಿಗಳು ಎಲೆ ಕತ್ತರಿಸುವ ಆ ಸದ್ದು ಒಣಹುಲ್ಲಿನ ಮೇಲೆ ತುಂತುರು ಹನಿದಂತೆ ಕೇಳುತ್ತಿತ್ತು. ಚಿಕ್ಕವೆಂಕಟಮ್ಮ ಕಣ್ಣು ಮುಚ್ಚಿದ್ದಳು. ಸೆರಗು ಜಾರಿದ್ದರೂ ಗಮನವಿರಲಿಲ್ಲ. ಎರಡು ಬೆರಳು ಮೊಣಕಾಲ ಮೇಲೆ ಮೆತ್ತಗೆ ತಾಳ ಹಾಕುತ್ತಿದ್ದವು, ಮುಖದಲ್ಲಿ ನಗು. ಆ ನಗುವನ್ನು ಅವನು ಎಂದೂ ನೋಡಿರಲಿಲ್ಲ. ಮದುವೆ ಮಂಟಪದಲ್ಲೂ ಇಲ್ಲ, ಮಗ ಹುಟ್ಟಿದಾಗಲೂ ಇಲ್ಲ.

ಆವಲಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಸಿಕ್ಕಿತಲ್ಲಾ ಉತ್ತರ. ಅಮ್ಮೋರ ಮುಂದೆ, ಆ ಸೆರಗು ಹಿಡಿದು ನಕ್ಕ ಹೆಂಗಸರ ಮುಂದೆ ಬೆರಳೆತ್ತಿ ಹೇಳಬೇಕು ಅಂದುಕೊಂಡು ನಾಲ್ಕು ಹೆಜ್ಜೆ ನಡೆದ. ಐದನೆಯದನ್ನು ಇಡಲಾಗಲಿಲ್ಲ.

ಹೇಳಿದರೆ ಅವಳು ಇದನ್ನು ಬಿಡಬೇಕು.

ಹಿಂದಿರುಗಿ ಇನ್ನೊಮ್ಮೆ ಇಣುಕಿದ. ಅವಳು ಹಾಗೇ ಕೂತಿದ್ದಳು. ಹೇಳಿದರೆ ತಾಳ ಸಿಗುತ್ತದೆ, ಈ ಕೂರುವುದು ಹೋಗುತ್ತದೆ. ಹೇಳದಿದ್ದರೆ ಇದು ಉಳಿಯುತ್ತದೆ, ತಾಳ ಹೋಗುತ್ತದೆ. ಸುಳ್ಳು ಹೇಳಿ ಕಾಫಿ ಅಂದುಬಿಟ್ಟರೆ? ಗುರುವಿನ ಪಾದದ ಮುಂದೆ ಹೌದೇನಮ್ಮ ಅಂತ ಕೇಳಿದರೆ ಅವಳು ಸತ್ತರೂ ಸುಳ್ಳು ಹೇಳುವವಳಲ್ಲ. ಜನ್ಮದಲ್ಲಿ ಮೊದಲ ಸಲ ಆವಲಪ್ಪ ಎಲ್ಲ ದಿಕ್ಕಿನಿಂದಲೂ ಯೋಚಿಸಿದರೂ ಒಂದು ಪಾಯಿಂಟೂ ಸಿಗಲಿಲ್ಲ. ಅವನಿಗೆ ನಿಜವಾಗಿ ದುಃಖವಾಯಿತು. ಇಷ್ಟು ಕಾಲ ಒಂದೇ ಸೂರಿನಡಿ ಇದ್ದು, ಅವಳು ಬೋರಲು ಬುಟ್ಟಿಯ ಮೇಲೆ ಕೂರುತ್ತಾಳೆಂಬುದೂ ನನಗೆ ಗೊತ್ತಿರಲಿಲ್ಲವಲ್ಲ ಎಂದುಕೊಂಡ.

ಬೇರೇನೂ ತೋಚದಿದ್ದರೂ ಅದೊಂದನ್ನು ಸರಿಮಾಡಬಹುದಿತ್ತು. ಮಾರನೆಯ ಮಧ್ಯಾಹ್ನ ಅತ್ತೆ ಸೊಸೆ ಊಟಕ್ಕೆ ಹೋದಾಗ ಅವನು ಸೋಪು ಹಚ್ಚಿ ಮೈ ಉಜ್ಜಿಕೊಂಡು ಸ್ನಾನ ಮಾಡಿದ, ಒಗೆದ ಪಂಚೆ ಉಟ್ಟ, ಜಗುಲಿಯ ಪ್ಲಾಸ್ಟಿಕ್ ಕುರ್ಚಿಯನ್ನು ಬ್ಲೀಚಿಂಗ್ ಪೌಡರಿನ ನೀರಲ್ಲಿ ತೊಳೆದು ಒಣಗಿಸಿದ. ಕಾಲಿನ ಸೋಂಕು ಹೋಗಲೆಂದು ಹೊಸ್ತಿಲಲ್ಲಿ ಹರಡಿದ್ದ ಸುಣ್ಣದಪುಡಿ ತುಳಿದು, ಉಸಿರು ಬಿಗಿಹಿಡಿದು ಒಳಗೆ ಹೋಗಿ, ಬುಟ್ಟಿಯಿದ್ದ ಜಾಗದಲ್ಲಿ ಕುರ್ಚಿ ಇಟ್ಟು ಓಡಿಬಂದ. ಕಳ್ಳತನ ಮಾಡಿದವನಿಗೂ ಅಷ್ಟು ಎದೆ ಹೊಡೆದುಕೊಳ್ಳುವುದಿಲ್ಲ. ಚಿಕ್ಕವೆಂಕಟಮ್ಮ ಕುರ್ಚಿಯ ಬಗ್ಗೆ ಏನೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಗುರುಪೂರ್ಣಿಮೆಯ ಬೆಳಿಗ್ಗೆ ಹುಣಸೆಮರದ ಕೆಳಗೆ ಜಮಖಾನ ಹಾಸಿದ್ದರು. ಸಾದಲಿಯ ಸುತ್ತಮುತ್ತಲಿನ ಜನವೆಲ್ಲ ಸೇರಿತ್ತು. ಆವಲಪ್ಪ ಬರುತ್ತಾನೆಂದು ತಿಳಿದು ತಮಾಷೆ ನೋಡಲು ರಮೇಶ್‌ಬಾಬು ಅಂಗಡಿ ಮುಚ್ಚಿ ಬಂದಿದ್ದ. ಹರಿತಾಳ ಕಾರಿನಲ್ಲಿ ರೂಪಳ ಅತ್ತೆಯೂ ತನ್ನ ತಾಳ ಹಿಡಿದು ಬಂದಿದ್ದಳು. ಚಿಕ್ಕವೆಂಕಟಮ್ಮ ಮಾವಿನಕಾಯಿ ಬಣ್ಣದ ಸೀರೆಯುಟ್ಟು ಗಂಡನ ಪಕ್ಕ ಕೂತಿದ್ದಳು. ಅಮ್ಮೋರ ಮುಂದಿನ ತಟ್ಟೆಯಲ್ಲಿ ಹೊಸ ಹಿತ್ತಾಳೆ ತಾಳಗಳಿದ್ದವು. ಅವಳ ಕಣ್ಣು ಆಗಾಗ ಅಲ್ಲಿಗೇ ಹೋಗುವುದನ್ನು ಆವಲಪ್ಪ ನೋಡಿದ. ಈಗ ಅವನಿಗೆ ನೋಡುವ ಅಭ್ಯಾಸವಾಗಿತ್ತು, ಅದೇ ತೊಂದರೆ.

"ಹೇಳಮ್ಮ, ನಿನ್ನ ಗಂಡ ಏನು ಬಿಡ್ಬೇಕು?" ಅಂದರು ಅಮ್ಮೋರು.

ಬೀಡಿ ಅನ್ನುತ್ತಾಳೆ ಅಂತ ಆವಲಪ್ಪ ಅಂದುಕೊಂಡಿದ್ದ. ಇಲ್ಲವೇ ಪ್ರಶ್ನೆ ಕೇಳುವುದು ಬಿಡಲಿ ಅನ್ನುತ್ತಾಳೆ ಅಂತ ಹೆದರಿದ್ದ.

"ಪ್ರಶ್ನೆ ಕೇಳ್ಲಿ ಅಮ್ಮ, ಅದು ನಂಗೂ ಇಷ್ಟನೇ" ಅಂದಳು ಚಿಕ್ಕವೆಂಕಟಮ್ಮ. "ಆದ್ರೆ ಬೇರೆಯೋರು ಬಾಯಿ ಬಿಡೋಕೆ ಮುಂಚೆ ಇವರೇ ಉತ್ತರ ಹೇಳ್ತಾರಲ್ಲ, ಅದನ್ನ ಬಿಡ್ಲಿ. ಮನೆಗೆ ಬಂದೋರು ನನ್ನ ಹೆಂಗಿದ್ದೀಯಮ್ಮ ಅಂತ ಕೇಳಿದ್ರೂ ಇವರೇ ಚೆನ್ನಾಗವ್ಳೆ ಅಂತಾರೆ."

ಜನ ನಕ್ಕರು. ಆವಲಪ್ಪ ನಗಲಿಲ್ಲ. ನಿಜ ಅಂತ ಅವನಿಗೆ ನಾಟಿತು. "ಬಿಟ್ಟೆ ಅಮ್ಮ" ಅಂದ.

"ಈಗ ನೀನು ಹೇಳಪ್ಪ. ಇವಳು ಏನು ಬಿಡ್ಬೇಕು?"

ಎಲ್ಲರೂ ಬೆರಳೇಳುವುದನ್ನು ಕಾದರು. ಬೆರಳು ಏಳಲಿಲ್ಲ. ಆವಲಪ್ಪ ತಾಳ ನೋಡಿದ, ಹೆಂಡತಿಯನ್ನು ನೋಡಿದ. ತಾಳ ಮುಂದಿನ ವರ್ಷವಾದರೂ ಸಿಕ್ಕೀತು, ಒಮ್ಮೆ ಪಾದಕ್ಕೆ ಬಿಟ್ಟದ್ದು ಹಿಂದಕ್ಕೆ ಬರುವುದಿಲ್ಲ.

"ನಂಗೊತ್ತಿಲ್ಲ ಅಮ್ಮ."

ಹಿಂದಿನಿಂದ ರಮೇಶ್‌ಬಾಬುವಿನ ಕೆಮ್ಮು ಕೇಳಿಸಿತು. ಆಮೇಲೆ ಎಲ್ಲ ಕಡೆಯಿಂದ ನಗು. ಪಾಯಿಂಟ್ ಆವಲಪ್ಪನಿಗೆ ಹೆಂಡತಿಯ ಮನಸ್ಸು ಗೊತ್ತಿಲ್ಲವಂತೆ. ಅವನ ಕಿವಿ ಬಿಸಿಯಾಯಿತು. ತಲೆ ತಗ್ಗಿಸಿ ಕೂತ.

"ಸುಳ್ಳು" ಅಂದಳು ಚಿಕ್ಕವೆಂಕಟಮ್ಮ. ಸೆರಗು ಬಾಯಿಯ ಮೇಲಿರಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಇವ್ರಿಗೆ ಗೊತ್ತು ಅಮ್ಮ. ಹುಳುಮನೇಲಿ ಸೊಪ್ಪು ಹಾಕಿ ಆದ್ಮೇಲೆ ಹುಳ ತಿನ್ನೋ ಸದ್ದು ಕೇಳ್ಕೊಂಡು ಒಬ್ಬಳೇ ಕೂತಿರ್ತೀನಿ. ಅದೇ ನಂಗೆ ಪ್ರಾಣ. ಇವ್ರು ನೋಡವ್ರೆ. ನೋಡಿ, ನಂಗೆ ಕುರ್ಚಿ ಹಾಕವ್ರೆ. ಕುರ್ಚೀಲಿ ಬ್ಲೀಚಿಂಗ್ ಪೌಡರ್ ವಾಸನೆ, ಅದರ ಕೆಳಗೆ ಬೀಡಿ ವಾಸನೆ."

ನಗು ನಿಂತಿತು. ಅಮ್ಮೋರು ಕನ್ನಡಕ ತೆಗೆದು ಸೀರೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ಆವಲಪ್ಪನನ್ನು ನೋಡಿದರು.

"ಗೊತ್ತಿದ್ದೂ ಯಾಕಪ್ಪ ಹೇಳ್ಲಿಲ್ಲ?"

ಆವಲಪ್ಪ ಕೂಡಲೇ ಉತ್ತರ ಕೊಡಲಿಲ್ಲ. ಬಿಟ್ಟದ್ದು ನೆನಪಿತ್ತು. ಹೆಂಡತಿಯ ಕಡೆ ಒಮ್ಮೆ ನೋಡಿ, "ಹೇಳಿದ್ರೆ ಹೋಗ್ತದಲ್ಲ ಅಮ್ಮ. ನಂಗೆ ಉಪದೇಶ ಬ್ಯಾಡ. ಆಗೋದಾದ್ರೆ ಅವಳಿಗೊಬ್ಬಳಿಗೇ ಕೊಡಿ, ತಾಳ ಚೆನ್ನಾಗಿ ಹಾಕ್ತಾಳೆ" ಅಂದ.

"ಬುದ್ಧಿವಂತ ಬುದ್ಧಿವಂತ ಅಂತಿದ್ರು, ನಾನು ನಂಬಿರ್ಲಿಲ್ಲ" ಅಂದರು ಅಮ್ಮೋರು. "ಇವತ್ತು ನಂಬ್ದೆ." ಆಮೇಲೆ ಚಿಕ್ಕವೆಂಕಟಮ್ಮನ ಕಡೆ ತಿರುಗಿದರು. "ಕಟ್ಟಳೆ ಕಟ್ಟಳೆನೇ ಕಣಮ್ಮ, ಏನಾದ್ರೂ ಬಿಡ್ಲೇಬೇಕು. ನೀನು ಹುಳುಮನೆ ಬಿಡ್ಬೇಡ. ಅಲ್ಲಿ ಒಬ್ಬಳೇ ಕೂರ್ತೀಯಲ್ಲ, ಅದನ್ನ ಬಿಡು. ಇವ್ನನ್ನೂ ಕೂರಿಸ್ಕೋ."

"ಅಯ್ಯೋ ಬ್ಯಾಡ ಅಮ್ಮ" ಅಂದಳು ಚಿಕ್ಕವೆಂಕಟಮ್ಮ ಗಾಬರಿಯಿಂದ. "ಅದಕ್ಕಿಂತ ಹುಳುಮನೇನೇ ಬಿಟ್ಬಿಡ್ತೀನಿ."

ಹುಣಸೆಮರದ ಕಾಗೆಗಳೂ ಹಾರಿಹೋಗುವಷ್ಟು ಜೋರಾಗಿ ಜನ ನಕ್ಕರು. ಈ ಸಲ ಆವಲಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ತಗ್ಗಿದ ಮೇಲೆ ಚಿಕ್ಕವೆಂಕಟಮ್ಮ ಆಗಲಿ ಎಂದು ತಲೆಯಾಡಿಸಿದಳು. ಹರಿತಾ ಎದ್ದು ನಿಂತಳು. "ಅಮ್ಮೋರೇ, ಹುಳುಮನೆ ಒಳಗೆ ಬರ್ಬೇಕು ಅಂದ್ರೆ ಮಾವ ಬೀಡಿನೂ ಬಿಡ್ಬೇಕು. ಇಲ್ದಿದ್ರೆ ನಾನು ಗೆರೆ ದಾಟಿಸಲ್ಲ." ಒಂದು ಬಿಡಲು ಹೋದವನು ಎರಡು ಬಿಟ್ಟು ಬರಬೇಕಾಯಿತು. ಜೇಬಿನಲ್ಲಿದ್ದ ಕಟ್ಟನ್ನು ಅಲ್ಲೇ ಅಮ್ಮೋರ ಮುಂದಿಟ್ಟ. ಅಮ್ಮೋರು ಇಬ್ಬರ ಕಿವಿಯಲ್ಲೂ ಉಪದೇಶದ ಮಾತು ಹೇಳಿ, ತಾಳ ತೆಗೆದು ಚಿಕ್ಕವೆಂಕಟಮ್ಮನ ಕೈಗೆ ಕೊಟ್ಟರು. ಭಜನೆ ಶುರುವಾದಾಗ ಅವಳು ಮುಂದಿನ ಸಾಲಿನಲ್ಲಿ ಕೂತು ಹಾಕಿದ ತಾಳಕ್ಕೆ, ರೂಪಳ ಅತ್ತೆಯ ತಾಳವೂ ಬೇರೆ ದಾರಿಯಿಲ್ಲದೆ ಹದಕ್ಕೆ ಬಂತು.

ಹೊರಡುವಾಗ ರಮೇಶ್‌ಬಾಬು ಹತ್ತಿರ ಬಂದ. "ಅದ್ಸರಿ, ಮೊದಲನೇ ಗುರುಗೆ ಗುರು ಯಾರು ಅಂತ ಗೊತ್ತಾಯ್ತಾ?"

"ತಡಿ, ಮನೇಲಿ ಕೇಳಿ ಹೇಳ್ತೀನಿ" ಅಂದ ಆವಲಪ್ಪ.

ಸಂಜೆ ಹುಳುಮನೆಯಲ್ಲಿ ಸೊಪ್ಪು ಹಾಕಿಯಾದ ಮೇಲೆ ಎರಡು ಕುರ್ಚಿ ಬಿದ್ದವು. ಹುಳುಗಳು ಇನ್ನೇನು ಹಣ್ಣಾಗುವ ಹೊತ್ತು, ಗೂಡು ಕಟ್ಟುವ ಮೊದಲಿನ ಕೊನೆಯ ಊಟಗಳು. ಆವಲಪ್ಪ ತಲೆಯಿಂದ ಕಾಲಿನವರೆಗೆ ಸೋಪಿನ ವಾಸನೆಯಾಗಿ ಕೈ ಕಟ್ಟಿ ಕೂತಿದ್ದ. ಸದ್ದು ಮೊದಲು ಕಿವಿಗೆ ಬಂತು, ಆಮೇಲೆ ಮೈಗೆಲ್ಲ ಬಂತು. ಇದನ್ನು ಇಷ್ಟು ವರ್ಷ ಗೆರೆಯ ಆಚೆ ನಿಂತು ಕಳೆದುಕೊಂಡೆನಲ್ಲ ಅನ್ನಿಸಿತು. ಬಾಯಿ ಮಾತ್ರ ತುರಿಸುತ್ತಿತ್ತು. ಪ್ರಶ್ನೆ ಕೇಳಬಾರದೆಂದು ಯಾರೂ ಹೇಳಿರಲಿಲ್ಲ.

"ವೆಂಕಟಮ್ಮ, ಇಲ್ಲಿ ನಿಂಗೆ ಏನು ಅಷ್ಟು ಇಷ್ಟ?"

ಉತ್ತರ ಅವನಿಗೇ ಗೊತ್ತಿದೆ ಅನ್ನಿಸಿತು. ಸದ್ದು ಇಷ್ಟ, ತಂಪು ಇಷ್ಟ, ತಾಳ ಇಷ್ಟ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕಾದ. ಹುಳುಗಳು ತಿನ್ನುತ್ತಲೇ ಇದ್ದವು.

"ಇಷ್ಟೊಂದು ಬಾಯಿಗೆ ಬಡಿಸ್ತೀನಿ" ಅಂದಳು ಕೊನೆಗೆ. "ಒಂದಾದ್ರೂ ಉಪ್ಪು ಕಮ್ಮಿ ಅನ್ನಲ್ಲ ನೋಡಿ."

ಆವಲಪ್ಪನಿಗೆ ಇದು ಹೊಳೆದಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು, ತನ್ನ ಮೊಣಕಾಲಿನ ಬದಲು ಅವನ ಕೈಯ ಮೇಲೆ ಎರಡು ಬೆರಳಿಂದ ತಾಳ ಹಾಕತೊಡಗಿದಳು.